ಹೊಸ ಚೈನಿಗೆ ಹಳೇ ಹಲ್ಲು

ಬೈಕಿನ ಚೈನ್ 'ಎಳೆದುಕೊಂಡಿದೆ' ಅನ್ನುತ್ತೇವೆ. ಉಕ್ಕೇನೂ ರಬ್ಬರಿನಂತೆ ಹಿಗ್ಗಿರುವುದಿಲ್ಲ. ಒಂದೊಂದು ಕೊಂಡಿಯಲ್ಲೂ ಪಿನ್ನು ಮತ್ತು ಅದರ ಸುತ್ತಲಿನ ಕೊಳವೆಯಂಥ ಬುಷ್ ಪರಸ್ಪರ ಉಜ್ಜಿ ಸವೆದಿರುತ್ತವೆ. ಅನೇಕ ಬೈಕುಗಳ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ. ಅಂತರ. ಕೊಂಡಿಗೆ ಬರೀ 0.1 ಮಿ.ಮೀ. ಸವೆದರೂ 120 ಕೊಂಡಿಗೆ 12 ಮಿ.ಮೀ. ಆಯಿತು.

ಹೀಗೆ ಉದ್ದವಾದ ಚೈನ್, ತಾನು ಸುತ್ತುವ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲುಗಳ ನಡುವಿನ ಕುಳಿಯಲ್ಲಿ ಸರಿಯಾಗಿ ಕೂರದೆ ಮೇಲಕ್ಕೆ ಹತ್ತುತ್ತದೆ. ಹಲ್ಲು ಅದಕ್ಕೆ ತಕ್ಕಂತೆ ಸವೆದು, ಕೊನೆಗೆ ಕೊಕ್ಕೆಯಂತಾಗುತ್ತದೆ. ಅಂದರೆ ಹಳೇ ಚೈನ್, ಹಳೇ ಹಲ್ಲು ಒಂದಕ್ಕೊಂದು ಹೊಂದಿಕೊಂಡೇ ಮುದಿಯಾಗಿರುತ್ತವೆ. ಈಗ ಚೈನ್ ಮಾತ್ರ ಹೊಸದು ಹಾಕಿದರೆ? ಹತ್ತಾರು ಹಲ್ಲು ಹಂಚಿಕೊಳ್ಳಬೇಕಾದ ಎಳೆತ ಒಂದೆರಡು ಹಲ್ಲಿನ ಮೇಲೆ ಬೀಳುತ್ತದೆ, ಹೊಸ ಚೈನ್ ಅವಧಿಗೆ ಮುಂಚೆಯೇ ಹಾಳಾಗುತ್ತದೆ. ಮೆಕ್ಯಾನಿಕ್ 'ಚೈನ್, ಸ್ಪ್ರಾಕೆಟ್ ಸೆಟ್ಟೇ ಹಾಕಿಸಿ' ಅಂದಾಗ ದುಡ್ಡು ಕೀಳುತ್ತಿದ್ದಾನೆ ಎಂದುಕೊಳ್ಳುವವರಲ್ಲಿ ನಾನೂ ಒಬ್ಬನಾಗಿದ್ದೆ.

ಕ್ಲಚ್ಚಿನ ಲೆಕ್ಕ ಬೇರೆ. ಕಾರಿನ ಕ್ಲಚ್ ಪ್ಲೇಟ್ ಬದಲಿಸಲು ಗೇರ್‌ಬಾಕ್ಸನ್ನೇ ಇಳಿಸಬೇಕು. ಅಲ್ಲೇ ಕೈಗೆ ಸಿಗುವ, ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ರಿಲೀಸ್ ಬೇರಿಂಗ್ ಇನ್ನೂ ಸದ್ದು ಮಾಡುತ್ತಿಲ್ಲವೆಂದು ಬಿಟ್ಟರೆ, ಆರು ತಿಂಗಳಿಗೆ ಸಣ್ಣದೊಂದು ಬೇರಿಂಗಿಗಾಗಿ ಮತ್ತೆ ಅದೇ ರಾಮಾಯಣ. ಪಿಸ್ಟನ್ ಮತ್ತು ವಾಲ್ವುಗಳ ಚಲನೆಯನ್ನು ತಾಳಕ್ಕೆ ಹೊಂದಿಸುವ ಟೈಮಿಂಗ್ ಬೆಲ್ಟಿನಲ್ಲಿ ಅಪಾಯವೂ ಸೇರಿಕೊಳ್ಳುತ್ತದೆ. ಹಲವು ಎಂಜಿನ್‌ಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟು. ಹಳೇ ಪಂಪಿನ ಬೇರಿಂಗ್ ಬಿಗಿದರೆ ಹೊಸ ಬೆಲ್ಟೂ ಹರಿದೀತು. ಎಷ್ಟೋ ಎಂಜಿನ್‌ಗಳಲ್ಲಿ ಆಗ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ.

ಹಾಗೆಂದು ಕಣ್ಣಿಗೆ ಬಿದ್ದದ್ದನ್ನೆಲ್ಲ ಬದಲಿಸುವುದೂ ಜಾಣತನವಲ್ಲ. ಯುನೈಟೆಡ್ ಏರ್‌ಲೈನ್ಸ್‌ನ ಸ್ಟಾನ್ಲಿ ನೌಲನ್ ಮತ್ತು ಹೋವರ್ಡ್ ಹೀಪ್ ತಮ್ಮ 1978ರ ವರದಿಯಲ್ಲಿ ತೋರಿಸಿದ್ದು ಇದನ್ನೇ. ಅವರು ನೋಡಿದ ವಿಮಾನದ ಭಾಗಗಳಲ್ಲಿ ಇಂತಿಷ್ಟು ವಯಸ್ಸಾಯಿತೆಂದು ಬದಲಿಸಿ ಪ್ರಯೋಜನವಾಗಬಹುದಾದವು ನೂರಕ್ಕೆ 11 ಮಾತ್ರ. ನೂರಕ್ಕೆ 68ರಷ್ಟು ಭಾಗಗಳು ಹೊಸದರಲ್ಲೇ ಹೆಚ್ಚು ಕೈಕೊಡುತ್ತಿದ್ದವು. ಆ ಗಂಡಾಂತರ ದಾಟಿದ ಮೇಲೆ ವಯಸ್ಸಿಗೂ ಕೆಡುವುದಕ್ಕೂ ನಂಟೇ ಇರಲಿಲ್ಲ. ಚೆನ್ನಾಗಿ ನಡೆಯುತ್ತಿರುವ ಸೆನ್ಸರನ್ನು 'ಹೇಗೂ ಬಾನೆಟ್ ತೆಗೆದಿದೆ' ಎಂದು ಬದಲಿಸಿದರೆ, ಪಳಗಿದ್ದನ್ನು ಎಸೆದು ಪರೀಕ್ಷೆಯಾಗದ್ದನ್ನು ತಂದಂತೆ.

ಸವೆಯುವ ಲೋಹ, ಬಿಸಿಗೆ ಬಿರುಸಾಗುವ ರಬ್ಬರು ಮಾತ್ರ ಬೇರೆ ಜಾತಿ. ಒಂದು ಹೋಸ್ ಬಿರುಕು ಬಿಟ್ಟಿದ್ದರೆ, ಅದರ ಪಕ್ಕದಲ್ಲೇ ಅಷ್ಟೇ ವರ್ಷ ಅಷ್ಟೇ ಶಾಖ ತಿಂದ ಇನ್ನೊಂದನ್ನೂ ಹಿಸುಕಿ ನೋಡಬೇಕು. ಚೈನಿನ ವಿಷಯಕ್ಕೆ ಬಂದರೆ, ಎಂಜಿನ್ ಆಫ್ ಮಾಡಿ, ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಅದನ್ನು ಬೆರಳಿನಿಂದ ಹಿಂದಕ್ಕೆ ಎಳೆಯಿರಿ. ಅರ್ಧ ಹಲ್ಲು ಕಾಣುವಷ್ಟು ಮೇಲೆದ್ದರೆ, ಮೆಕ್ಯಾನಿಕ್ ಹೇಳಿದ್ದು ಸರಿ.