ಪಗಾರದ ಅಕೌಂಟ್ ಲಾಕ್ ಆಗಿದೆ, ಹಳೇ ಟ್ಯಾಕ್ಸ್ ಬಾಕಿಯಂತೆ. ಈಗ ಏನು ಮಾಡಲಿ?

ಪ್ರಶ್ನೆ: ನಾನು ಜಮಖಂಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಮಾಸ್ತರ್. ಈ ತಿಂಗಳ ಪಗಾರ ಜಮಾ ಆಗಿದೆ ಅಂತ ಮೆಸೇಜ್ ಬಂತು. ಎಟಿಎಂಗೆ ಹೋದರೆ ಒಂದು ರೂಪಾಯಿಯೂ ಬರಲಿಲ್ಲ. ಇನ್‌ಕಮ್ ಟ್ಯಾಕ್ಸ್‌ನವರ ಪತ್ರ ಬಂದಿದೆ, ಅಕೌಂಟ್ ಲಾಕ್ ಮಾಡಿದ್ದೇವೆ ಅಂತ ಬ್ಯಾಂಕಿನವರು ಹೇಳುತ್ತಾರೆ. ನನಗಂತೂ ಯಾವ ನೋಟಿಸೂ ಬಂದಿಲ್ಲ. ಪಗಾರದಲ್ಲಿ ಟ್ಯಾಕ್ಸ್ ಹಿಡಿದೇ ಕೊಡುತ್ತಾರೆ, ಮತ್ತೆ ಬಾಕಿ ಎಲ್ಲಿಂದ ಬಂತು? ಮನೆ ಸಾಲದ ಕಂತು, ಮಗಳ ಹಾಸ್ಟೆಲ್ ಫೀ ಎಲ್ಲಾ ಇದೇ ಅಕೌಂಟಿನಿಂದ ಹೋಗಬೇಕು. ಇಡೀ ಪಗಾರ ಹಿಡಿಯೋಕೆ ಅವರಿಗೆ ಅಧಿಕಾರ ಇದೆಯಾ?

ಉತ್ತರ: ಮಾಸ್ತರೆ, ಮೊದಲು ಒಂದು ಮಾತು. ಬ್ಯಾಂಕ್ ಮ್ಯಾನೇಜರ್ ಜೊತೆ ಜಗಳ ಆಡಬೇಡಿ. ಅವರ ಕೈಯಲ್ಲಿ ಏನೂ ಇಲ್ಲ. ಬಾಕಿದಾರನ ದುಡ್ಡು ಯಾರ ಹತ್ತಿರ ಇದೆಯೋ ಅವರಿಗೇ ತೆರಿಗೆ ಅಧಿಕಾರಿ ನೇರವಾಗಿ ಪತ್ರ ಬರೆದು, ‘ಅದನ್ನು ಅವನಿಗೆ ಕೊಡಬೇಡಿ, ನಮಗೆ ಕಟ್ಟಿ’ ಅನ್ನಬಹುದು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 226(3) ಇದಕ್ಕೆ ದಾರಿ ಕೊಡುತ್ತದೆ. ಕೋರ್ಟಿನ ಆದೇಶ ಬೇಕಾಗಿಲ್ಲ. ಪತ್ರ ಬಂದ ಮೇಲೂ ಬ್ಯಾಂಕ್ ಸುಮ್ನೆ ಕೂತರೆ ಬ್ಯಾಂಕೇ ಬಾಕಿದಾರ ಆಗುತ್ತದೆ. ನಿಮ್ಮ ಸಲುವಾಗಿ ಅವರು ತಮ್ಮ ಕುತ್ತಿಗೆ ಕೊಡೋದಿಲ್ಲ.

ಆದರೆ ಬ್ಯಾಂಕಿನಿಂದ ಪಡೆಯಬೇಕಾದ ಮಾಹಿತಿ ಇದೆ. ಪತ್ರ ಯಾವ ಕಚೇರಿಯದು, ದಿನಾಂಕ ಯಾವುದು, ಮೊತ್ತ ಎಷ್ಟು, ಮೇಲೆ ಇರುವ ಡಿನ್ ನಂಬರ್ (ಪತ್ರದ ಗುರುತಿನ ಸಂಖ್ಯೆ) ಯಾವುದು, ಇಷ್ಟನ್ನು ಬರೆದುಕೊಳ್ಳಿ. ಸಾಧ್ಯವಾದರೆ ಪ್ರತಿ ಕೇಳಿ. ಆ ನೋಟಿಸಿನ ಪ್ರತಿಯನ್ನು ನಿಮಗೂ ಕಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ, ಹಾಗಾಗಿ ಕೇಳೋಕೆ ಸಂಕೋಚ ಬೇಡ. 2019ರ ಅಕ್ಟೋಬರ್‌ನಿಂದ ಇಲಾಖೆಯ ಪತ್ರಗಳಿಗೆ ಡಿನ್ ನಂಬರ್ ಇರಬೇಕು. ಇಲಾಖೆಯ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಅದನ್ನು ಹಾಕಿ ನೋಡಿದರೆ ಪತ್ರ ಅಸಲಿಯೋ ನಕಲಿಯೋ ಗೊತ್ತಾಗುತ್ತದೆ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈಗ ಅಕೌಂಟ್ ಲಾಕ್ ಆಗೋದಕ್ಕೆ ಹತ್ತು ಕಾರಣ. ಸೈಬರ್ ಪೊಲೀಸರ ದೂರಿನಿಂದ ಆಗುತ್ತದೆ. ಸಾಲಕ್ಕೆ ಜಾಮೀನು ನಿಂತಿದ್ದರೆ ಆಗುತ್ತದೆ. ಅಂಗಡಿ ಇದ್ದರೆ ಜಿಎಸ್‌ಟಿ ಬಾಕಿಗೆ ಡಿಆರ್‌ಸಿ-13 ಅನ್ನೋ ಫಾರ್ಮ್ ಬ್ಯಾಂಕಿಗೆ ಬರುತ್ತದೆ, ಅದರ ಕಚೇರಿಯೇ ಬೇರೆ. ಒಬ್ಬ ಕಿರಾಣಿ ಅಂಗಡಿಯವರು ನಾಲ್ಕು ದಿನ ಇನ್‌ಕಮ್ ಟ್ಯಾಕ್ಸ್ ಆಫೀಸಿಗೆ ಎಡತಾಕಿ, ಕೊನೆಗೆ ನನ್ನ ಹತ್ತಿರ ಬಂದು “ಅವ್ರು ನಿಮ್ದ್ ಏನೂ ಬಾಕಿ ಇಲ್ಲ ಅಂತಾರ್ರೀ, ಬ್ಯಾಂಕಿನ್ಯಾಗ ಐತಿ ಅಂತಾರ, ನಾ ಎಲ್ಲಿ ಹೋಗ್ಲಿ?” ಅಂದರು. ಅವರದು ಜಿಎಸ್‌ಟಿ ಬಾಕಿ.

ಈಗ ನಿಮ್ಮ ದೊಡ್ಡ ಮಾತಿಗೆ ಬರೋಣ. ನೋಟಿಸ್ ಬಂದೇ ಇಲ್ಲ ಅನ್ನುತ್ತೀರಿ. ನಾನು ನಂಬುತ್ತೇನೆ. ಆದರೆ ನೋಟಿಸ್ ಎಲ್ಲೋ ಒಂದು ಕಡೆ ಹೋಗಿರುತ್ತದೆ. ಈಗ ಪೋಸ್ಟ್‌ಮ್ಯಾನ್‌ಗಾಗಿ ಕಾಯೋ ಕಾಲ ಅಲ್ಲ, ನಿಮ್ಮ ಇ-ಫೈಲಿಂಗ್ ಖಾತೆಯಲ್ಲಿ ಇರುವ ಇಮೇಲ್‌ಗೆ ಮತ್ತು ಮೊಬೈಲ್‌ಗೆ ಬರುತ್ತದೆ. ಆ ಇಮೇಲ್ ಯಾರದು? ಇವತ್ತೇ ಲಾಗಿನ್ ಆಗಿ ಪ್ರೊಫೈಲ್ ನೋಡಿ. ಪಾಸ್‌ವರ್ಡ್ ನಿಮ್ಮ ಹತ್ತಿರ ಇಲ್ಲ ಅಂದರೆ ಉತ್ತರ ಅಲ್ಲೇ ಸಿಕ್ಕಿತು.

ನಮ್ಮ ಕಡೆ ಇದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಜುಲೈ ತಿಂಗಳಲ್ಲಿ ಒಬ್ಬರು ಶಾಲೆಯ ಸ್ಟಾಫ್ ರೂಮಿಗೆ ಬರುತ್ತಾರೆ. ಕೈಯಲ್ಲಿ ಲ್ಯಾಪ್‌ಟಾಪ್. ಎಲ್ಲರ ಫಾರ್ಮ್ 16 (ಪಗಾರ, ಹಿಡಿದ ಟ್ಯಾಕ್ಸಿನ ಸರ್ಟಿಫಿಕೇಟ್) ಕೊಡಿ, ರಿಫಂಡ್ ತೆಗೆಸಿಕೊಡ್ತೀನಿ, ಬಂದದ್ದರಲ್ಲಿ ನನಗೆ ಇಷ್ಟು ಪರ್ಸೆಂಟ್. ರಿಫಂಡ್ ಬರುತ್ತದೆ. ಚಹಾ, ಚೂಡಾ ಆಗುತ್ತದೆ. ಆ ರಿಟರ್ನ್‌ನಲ್ಲಿ ಇಲ್ಲದ ಮನೆ ಸಾಲದ ಬಡ್ಡಿ, ಕೊಡದ ದೇಣಿಗೆ, ಕಟ್ಟದ ವಿಮೆ ಎಲ್ಲಾ ಇರುತ್ತದೆ. ಮೊಬೈಲ್ ನಂಬರೂ ಇಮೇಲೂ ಆ ಪುಣ್ಯಾತ್ಮನದೇ. ಒಂದೇ ಶಾಲೆಯ ಐದಾರು ಮಂದಿಯ ಖಾತೆಯಲ್ಲಿ ಒಂದೇ ಮೊಬೈಲ್ ನಂಬರ್ ಇರೋದನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ವರ್ಷದ ನಂತರ ಇಲಾಖೆ ‘ಇದಕ್ಕೆ ದಾಖಲೆ ಕೊಡಿ’ ಅಂತ ಕೇಳುತ್ತದೆ. ಕೇಳಿದ್ದು ಅವನ ಇಮೇಲ್‌ಗೆ. ಅವನು ತೆರೆದು ನೋಡುವುದೂ ಇಲ್ಲ.

ನಿಮ್ಮ ಪತ್ರದ ಜೊತೆ ಕಳಿಸಿದ ಫೋಟೊದಲ್ಲಿ ಬಾಕಿಯ ಎರಡು ಸಾಲು ಕಾಣುತ್ತವೆ. ಎರಡೂ 2022-23ರ ಅಸೆಸ್‌ಮೆಂಟ್ ವರ್ಷದ್ದು, ಅಂದರೆ ಅದರ ಹಿಂದಿನ ವರ್ಷದ ಆದಾಯದ್ದು. ಒಂದು 62,000, ಇನ್ನೊಂದು 90,000. ಇದನ್ನು ನೋಡಿದರೆ ಕಥೆ ಹೀಗಿರಬೇಕು ಅನಿಸುತ್ತದೆ. ತೆರಿಗೆ 45,000, ಅದರ ಮೇಲೆ ಬಡ್ಡಿ ಸೇರಿ 62,000. ಸುಳ್ಳು ಲೆಕ್ಕ ಕೊಟ್ಟು ಆದಾಯ ಕಡಿಮೆ ತೋರಿಸಿದರೆ ಆ ತೆರಿಗೆಯ 200 ಪರ್ಸೆಂಟ್ ದಂಡ, ಅಂದರೆ 45,000ಕ್ಕೆ 90,000. ಎರಡೂ ಬೇರೆ ಬೇರೆ ಆದೇಶ, ಅದಕ್ಕೇ ಬೇರೆ ಬೇರೆ ಸಾಲು. ಡಿಮ್ಯಾಂಡ್ ನೋಟಿಸ್ ಕೈಸೇರಿದ 30 ದಿನದೊಳಗೆ ಕಟ್ಟದಿದ್ದರೆ ತಿಂಗಳಿಗೆ 1 ಪರ್ಸೆಂಟ್ ಬಡ್ಡಿ ಮತ್ತೆ ಶುರು. ನಿಮ್ಮ 1,52,000ಕ್ಕೆ ತಿಂಗಳಿಗೆ 1,520 ರೂಪಾಯಿ. ತಿಂಗಳು ಅರ್ಧ ಆಗಿದ್ದರೂ ಪೂರ್ತಿ ತಿಂಗಳ ಲೆಕ್ಕ.

ಎಲ್ಲರದೂ ಹೀಗೇ ಅಂತ ಅಲ್ಲ. ಕೆಲವು ಸಲ ಕಚೇರಿಯವರು ಪಗಾರದಲ್ಲಿ ಟ್ಯಾಕ್ಸ್ ಹಿಡಿದಿದ್ದರೂ ಇಲಾಖೆಗೆ ಕಟ್ಟಿರುವುದಿಲ್ಲ, ಅಥವಾ ಕಟ್ಟಿದರೂ ಪ್ಯಾನ್ ನಂಬರಿನ ಒಂದು ಅಕ್ಷರ ತಪ್ಪಿರುತ್ತದೆ. ಆಗ ನಿಮ್ಮ ಪ್ಯಾನ್‌ಗೆ ಜಮಾ ಆದ ಟ್ಯಾಕ್ಸ್ ತೋರಿಸೋ 26ಎಎಸ್ ಪಟ್ಟಿಯಲ್ಲಿ ಆ ದುಡ್ಡು ಕಾಣೋದಿಲ್ಲ, ಬಾಕಿ ಅಂತ ಬರುತ್ತದೆ. ಇದಾದರೆ ಧೈರ್ಯವಾಗಿ ಇರಿ. ಪಗಾರದಲ್ಲಿ ಹಿಡಿದ ಟ್ಯಾಕ್ಸನ್ನು ನಿಮ್ಮಿಂದ ಎರಡನೇ ಸಲ ಕೇಳುವ ಹಾಗಿಲ್ಲ, ಕಲಂ 205 ಅದನ್ನೇ ಹೇಳುತ್ತದೆ. ಪಗಾರ ಚೀಟಿ, ಫಾರ್ಮ್ 16 ಇಟ್ಟುಕೊಂಡು ಡಿಡಿಒ (ಪಗಾರ ಬಿಲ್ ಮಾಡುವ ಅಧಿಕಾರಿ) ಹತ್ತಿರ ಟಿಡಿಎಸ್ ರಿಟರ್ನ್, ಅಂದರೆ ಹಿಡಿದ ಟ್ಯಾಕ್ಸಿನ ಲೆಕ್ಕ, ತಿದ್ದಿಸಿ. ಆಮೇಲೆ ಪೋರ್ಟಲ್‌ನಲ್ಲಿ ರೆಕ್ಟಿಫಿಕೇಶನ್, ಅಂದರೆ ಆದೇಶದ ತಪ್ಪು ತಿದ್ದಿ ಅನ್ನೋ ಅರ್ಜಿ, ಹಾಕಿ. ಆದೇಶ ಬಂದ ಹಣಕಾಸು ವರ್ಷ ಮುಗಿದ ಮೇಲೆ ನಾಲ್ಕು ವರ್ಷದ ತನಕ ಅದಕ್ಕೆ ಅವಕಾಶ ಇದೆ.

ಇಡೀ ಪಗಾರ ಹಿಡಿಯಬಹುದಾ? ಇಲ್ಲೊಂದು ಸೂಕ್ಷ್ಮ ಇದೆ. ಬಾಕಿ ವಸೂಲಿಗೆ ಅಧಿಕಾರಿ ಬ್ಯಾಂಕಿನ ಬದಲು ನಿಮ್ಮ ಡಿಡಿಒಗೇ ಪತ್ರ ಬರೆದು ಪಗಾರದಲ್ಲಿ ಹಿಡಿಯಿರಿ ಅನ್ನಬಹುದು, ಕಲಂ 226(2). ಆದರೆ ಅಲ್ಲಿ ಮಿತಿ ಇದೆ. ಸಿವಿಲ್ ಪ್ರೊಸೀಜರ್ ಕೋಡ್‌ನ ಕಲಂ 60ರ ಪ್ರಕಾರ ಪಗಾರದ ಮೊದಲ 1,000 ರೂಪಾಯಿ ಮುಟ್ಟುವ ಹಾಗಿಲ್ಲ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲೂ ಮುಟ್ಟುವ ಹಾಗಿಲ್ಲ. ಪಗಾರ 46,000 ಅಂತ ಇಟ್ಟುಕೊಳ್ಳಿ. 1,000 ತೆಗೆದರೆ 45,000. ಅದರ ಮೂರನೇ ಒಂದು ಪಾಲು 15,000. ತಿಂಗಳಿಗೆ ಅಷ್ಟೇ ಹಿಡಿಯಬಹುದು, 31,000 ನಿಮ್ಮ ಕೈಗೆ ಬರಲೇಬೇಕು. ಸರ್ಕಾರ ಜಪ್ತಿಯಿಂದ ಹೊರಗಿಟ್ಟ ಭತ್ಯೆಗಳಿದ್ದರೆ ಹಿಡಿಯೋದು ಇನ್ನೂ ಕಡಿಮೆ. ಪಿಎಫ್‌ನಲ್ಲಿರೋ ದುಡ್ಡಿಗೂ ಸರ್ಕಾರಿ ಪಿಂಚಣಿಗೂ ಅದೇ ಕಲಂನಲ್ಲಿ ರಕ್ಷಣೆ ಇದೆ.

ಅದೇ ಪಗಾರ ಬ್ಯಾಂಕಿಗೆ ಬಿದ್ದ ಮೇಲೆ ಕಥೆ ಬೇರೆ. ಬ್ಯಾಂಕಿನ ಕಂಪ್ಯೂಟರಿಗೆ ಪಗಾರ ಯಾವುದು, ದ್ರಾಕ್ಷಿ ಮಾರಿದ ದುಡ್ಡು ಯಾವುದು, ಭಾವ ಕೊಟ್ಟ ಕೈಗಡ ಯಾವುದು ಅಂತ ತಿಳಿಯೋದಿಲ್ಲ. ಎಲ್ಲಾ ಒಂದೇ ಬ್ಯಾಲೆನ್ಸ್. ಹಾಗಾಗಿ ನೀವೇ ಹೇಳಬೇಕು. ಆರು ತಿಂಗಳ ಪಾಸ್‌ಬುಕ್ ಪ್ರತಿ ಹಚ್ಚಿ, ಇದು ಪಗಾರದ ಖಾತೆ, ಕಲಂ 60ರ ಪ್ರಕಾರ ಹಿಡಿಯಬಹುದಾದಷ್ಟನ್ನು ಬಿಟ್ಟು ಉಳಿದದ್ದು ಬಿಡಿಸಿಕೊಡಿ ಅಂತ ಅಧಿಕಾರಿಗೆ ಬರೆದು ಕೊಡಿ. ಇನ್ನೊಂದು: ನೋಟಿಸ್ ಇರೋದು ಬಾಕಿಯಷ್ಟು ದುಡ್ಡಿಗೆ. ಬ್ಯಾಲೆನ್ಸ್ ಬಾಕಿಗಿಂತ ಜಾಸ್ತಿ ಇದ್ದರೆ ಬಾಕಿಯಷ್ಟಕ್ಕೆ ಮಾತ್ರ ಲೀನ್, ಅಂದರೆ ತಡೆ, ಹಾಕಿ, ಉಳಿದದ್ದು ಓಡಾಡಲಿ ಅಂತ ಬ್ಯಾಂಕಿಗೆ ಪತ್ರ ಕೊಡಿ. ಕೆಲವು ಶಾಖೆಗಳಲ್ಲಿ ಯೋಚನೆ ಮಾಡದೆ ಇಡೀ ಅಕೌಂಟ್ ಕಟ್ಟಿಹಾಕುತ್ತಾರೆ. ಮನೆಯವರ ಜೊತೆ ಜಂಟಿ ಖಾತೆ ಇದ್ದರೆ ಇಬ್ಬರದೂ ಸಮಪಾಲು ಅಂತ ಕಾಯ್ದೆ ಲೆಕ್ಕ ಹಿಡಿಯುತ್ತದೆ. ಅವರ ಹೊಲಿಗೆ ದುಡ್ಡೇ ಜಾಸ್ತಿ ಅಂತಿದ್ದರೆ ಅದನ್ನು ತೋರಿಸೋದು ನಿಮ್ಮ ಜವಾಬ್ದಾರಿ.

ಹಾಗಾದರೆ ಬೇರೆ ಬ್ಯಾಂಕಿಗೆ ಪಗಾರ ತಿರುಗಿಸಲಾ ಅಂತ ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಬಂದಿರುತ್ತದೆ. ಬೇಡ. ಪ್ಯಾನ್ ಒಂದೇ, ಹೊಸ ಅಕೌಂಟ್ ಅವರಿಗೆ ಸಿಗೋಕೆ ಜಾಸ್ತಿ ದಿನ ಬೇಕಾಗಿಲ್ಲ. ಅದೂ ಅಲ್ಲದೆ ಆಮೇಲೆ ಪತ್ರ ಹೋಗೋದು ನಿಮ್ಮ ಶಾಲೆಗೆ. ಹೊಲ ಇದ್ದು ಕಬ್ಬು ಕಳಿಸಿದ್ದರೆ ಕಾರ್ಖಾನೆಗೂ ಹೋಗಬಹುದು, ಯಾಕೆಂದರೆ ನಿಮಗೆ ಬರಬೇಕಾದ ಬಿಲ್ಲು ಅವರ ಹತ್ತಿರ ಇದೆ. ಸ್ಟಾಫ್ ರೂಮಿಗೆ ಗೊತ್ತಾದ ಮೇಲೆ ಇಡೀ ಜಮಖಂಡಿಗೆ ಗೊತ್ತಾದ ಹಾಗೆ.

ಯಾರ ಹತ್ತಿರ ಹೋಗಬೇಕು? ಪೋರ್ಟಲ್‌ನಲ್ಲಿ ಪ್ಯಾನ್ ಹಾಕಿದರೆ ನಿಮ್ಮ ಅಧಿಕಾರಿ ಯಾರು, ಇಲಾಖೆಯ ಯಾವ ವಾರ್ಡು (ಘಟಕ) ಅಂತ ಬರುತ್ತದೆ. ಮನೆ ಹತ್ತಿರದ ಆಫೀಸ್ ಅಂತ ಊಹಿಸಿಕೊಂಡು ಬಸ್ ಹತ್ತಬೇಡಿ. ಮೊದಲು ಪುಣೆಯಲ್ಲೋ ಬೆಂಗಳೂರಿನಲ್ಲೋ ಕೆಲಸ ಮಾಡಿ ಬಂದವರ ಪ್ಯಾನ್ ಇನ್ನೂ ಅಲ್ಲೇ ಇರುತ್ತದೆ. ತನಿಖೆ ಆನ್‌ಲೈನ್‌ನಲ್ಲಿ ಎಲ್ಲಿಂದಲೋ ನಡೆದಿರಬಹುದು, ಆದರೆ ವಸೂಲಿ ಮಾಡೋದು, ಬಿಡಿಸೋದು ಈ ವಾರ್ಡಿನ ಅಧಿಕಾರಿಯೇ.

ಅಲ್ಲಿ ಹೋಗಿ ಏನು ಕೇಳಬೇಕು ಅನ್ನೋದು ರಿಟರ್ನ್‌ನಲ್ಲಿ ನೀವು ತೋರಿಸಿದ ಕ್ಲೇಮ್ ನಿಜವೋ ಸುಳ್ಳೋ ಅನ್ನೋದರ ಮೇಲೆ ಇದೆ. ನಿಜವಾದರೆ, ಅಂದರೆ ಮನೆ ಸಾಲ ನಿಜಕ್ಕೂ ಆಗಲೇ ಇತ್ತು ಅಂತಾದರೆ, ಅಪೀಲು ಹಾಕಿ. ಆದೇಶ ತಲುಪಿದ 30 ದಿನ ಅವಧಿ. ದಾಟಿದ್ದರೆ ತಡವಾದ ಕಾರಣ ಬರೆದು ಮನ್ನಿಸಿ ಅಂತ ಕೇಳಬೇಕು. ಒಂದು ತಪ್ಪು ತಿಳುವಳಿಕೆ ಬಹಳ ಇದೆ: ಅಪೀಲು ಹಾಕಿದರೆ ವಸೂಲಿ ತಾನಾಗಿ ನಿಲ್ಲೋದಿಲ್ಲ. ತಡೆ ಬೇರೆ ಕೇಳಬೇಕು. ಇಲಾಖೆಯ 2017ರ ಜುಲೈನ ಸೂಚನೆ ಪ್ರಕಾರ ವಿವಾದದ ಮೊತ್ತದ 20 ಪರ್ಸೆಂಟ್ ಕಟ್ಟಿದರೆ ಸಾಮಾನ್ಯವಾಗಿ ಅಪೀಲು ಮುಗಿಯೋ ತನಕ ತಡೆ ಸಿಗುತ್ತದೆ. ನಿಮ್ಮ 1,52,000ಕ್ಕೆ 30,400.

ಸುಳ್ಳಾದರೆ, ಮಾಸ್ತರೆ, ಅಪೀಲಿನ ಹಿಂದೆ ಬಿದ್ದು ಬಡ್ಡಿ ಬೆಳೆಸಬೇಡಿ ಅನ್ನೋದು ನನ್ನ ಅಭಿಪ್ರಾಯ. ಏಜೆಂಟ್ ಮಾಡಿದ್ದು ಅಂದರೆ ಇಲಾಖೆ ಕೇಳೋದಿಲ್ಲ. ರಿಟರ್ನ್ ನಿಮ್ಮದು, ರಿಫಂಡ್ ಬಂದಿದ್ದು ನಿಮ್ಮ ಅಕೌಂಟಿಗೆ. ಕೈಲಾದಷ್ಟು ಮೊದಲು ಕಟ್ಟಿ, ಉಳಿದದ್ದಕ್ಕೆ ಕಂತು ಕೇಳಿ. ಕಾಯ್ದೆ ಪ್ರಕಾರ ಕಂತನ್ನು ಆ 30 ದಿನದೊಳಗೇ ಕೇಳಬೇಕಿತ್ತು. ತಡವಾಗಿ ಕೇಳಿದರೂ ಒಪ್ಪುವುದುಂಟು, ಆದರೆ ಅದು ನಿಮ್ಮ ಹಕ್ಕು ಅಂತ ಮಾತಾಡಬೇಡಿ. ‘40,000 ಕಟ್ಟಿದ್ದೇನೆ, ಚಲನ್ ಪ್ರತಿ ಇದೆ, ಉಳಿದದ್ದನ್ನು ಪ್ರತಿ ತಿಂಗಳ 5ನೇ ತಾರೀಖಿನೊಳಗೆ 12,000ದಂತೆ ಕಟ್ಟುತ್ತೇನೆ, ಪಗಾರ ಚೀಟಿ ಮತ್ತು ಸಾಲದ ಕಂತಿನ ವಿವರ ಲಗತ್ತಿಸಿದೆ, ಖಾತೆ ಬಿಡಿಸಿಕೊಡಿ.’ ಇಷ್ಟೇ ಸಾಕು. ಎರಡು ಪುಟ ಕಷ್ಟ ತೋಡಿಕೊಂಡ ಪತ್ರಕ್ಕಿಂತ ಒಂದು ಚಲನ್ ಹಚ್ಚಿದ ಅರ್ಧ ಪುಟದ ಪತ್ರ ಬೇಗ ಕೆಲಸ ಮಾಡುತ್ತದೆ, ಅದರಲ್ಲೂ ಮಾರ್ಚ್‌ನಲ್ಲಿ.

ಕಟ್ಟುವಾಗ ಒಂದು ಎಚ್ಚರ. ಪೋರ್ಟಲ್‌ನಲ್ಲಿ ಬಾಕಿಯ ಸಾಲಿನ ಪಕ್ಕ ಇರೋ ಪಾವತಿ ಬಟನ್‌ನಿಂದಲೇ ಕಟ್ಟಿ. ಅದು 400 ಅನ್ನೋ ಹೆಡ್‌ಗೆ, ಅಂದರೆ ಇಲಾಖೆ ಕೇಳಿದ ಬಾಕಿಯ ಲೆಕ್ಕಕ್ಕೆ ಹೋಗುತ್ತದೆ. ಕೆಲವರು ಬೇರೆ ದಾರಿಯಿಂದ ಹೋಗಿ 300ಕ್ಕೆ, ಅಂದರೆ ನಾವೇ ಲೆಕ್ಕ ಹಾಕಿ ಕಟ್ಟೋ ಸೆಲ್ಫ್ ಅಸೆಸ್‌ಮೆಂಟಿಗೆ ಕಟ್ಟುತ್ತಾರೆ. ದುಡ್ಡು ಹೋಗಿರುತ್ತದೆ, ಬಾಕಿ ಹಾಗೇ ನಿಂತಿರುತ್ತದೆ. ಎರಡು ಸಾಲಿಗೆ ಎರಡು ಚಲನ್, ಮರೆಯಬೇಡಿ.

ಅಧಿಕಾರಿ ಒಪ್ಪಿದ ಮೇಲೂ ಅಕೌಂಟ್ ಅದೇ ಗಳಿಗೆ ತೆರೆಯೋದಿಲ್ಲ. ಅವರು ಬ್ಯಾಂಕಿಗೆ ನೋಟಿಸ್ ಹಿಂಪಡೆದ ಪತ್ರ ಕಳಿಸಬೇಕು. ಅದರ ಪ್ರತಿ ನೀವೂ ಇಟ್ಟುಕೊಂಡು ಶಾಖೆಗೆ ಒಯ್ದು ಕೊಡಿ, ಇಲ್ಲದಿದ್ದರೆ ಎರಡೂ ಕಡೆ ಮೇಲ್ ಬಂದಿಲ್ಲ ಅನ್ನೋ ಆಟ ಶುರುವಾಗುತ್ತದೆ. ಮನೆ ಸಾಲದ ಕಂತು ಬೌನ್ಸ್ ಆಗೋ ಮೊದಲು ಆ ಬ್ಯಾಂಕಿಗೂ ಒಂದು ಮಾತು ಹೇಳಿ.

ಕಾಯ್ದೆಯ ಸಂಖ್ಯೆಗಳ ಬಗ್ಗೆ: 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದೆ. ನಿಮ್ಮ ಆದೇಶ ಹಳೇ ಕಾಯ್ದೆಯದು, ಅದಕ್ಕೇ ಹಳೇ ಸಂಖ್ಯೆ ಹೇಳಿದ್ದೇನೆ. ಪತ್ರದಲ್ಲಿ ಬೇರೆ ಸಂಖ್ಯೆ ಕಂಡರೆ ಗಾಬರಿ ಬೇಡ.

ಇವತ್ತು ರಾತ್ರಿಯೇ ಪ್ರೊಫೈಲ್‌ನಲ್ಲಿ ಮೊಬೈಲು, ಇಮೇಲು ನಿಮ್ಮದು ಹಾಕಿ, ಪಾಸ್‌ವರ್ಡ್ ಬದಲಿಸಿ. ಆಧಾರ್ ಒಟಿಪಿಯಿಂದ ಆಗುತ್ತದೆ, ಏಜೆಂಟನನ್ನು ಕೇಳಬೇಕಾಗಿಲ್ಲ. ಶಾಲೆ ಅರ್ಧ ದಿನ ಅಂತ ಶನಿವಾರ ಹೋಗಬೇಡಿ. ಕೇಂದ್ರ ಸರ್ಕಾರದ ಕಚೇರಿ, ಶನಿವಾರ ಬೀಗ ಹಾಕಿರುತ್ತದೆ. ಸೋಮವಾರಕ್ಕೆ ಒಂದು ಸಿಎಲ್ ಹಾಕಿ.