‘ಕ್ಯಾನ್’ ಅಂದರೂ ‘ಆಗಲ್ಲ’ ಅಂತ ಕೇಳಿಸುವುದು ಯಾಕೆ?

ಕಾಲ್ ಸೆಂಟರ್ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಮಾತು ಕಲಿಸುವುದು ನನ್ನ ವೃತ್ತಿ. ಅಲ್ಲಿ ಜಾಸ್ತಿ ತೊಂದರೆ ಕೊಡುವುದು ಒಂದು ಪುಟ್ಟ ಪದ. ‘ಐ ಕ್ಯಾನ್ ಡೂ ಇಟ್’ ಅಂತ ನಮ್ಮವರು ಸ್ಪಷ್ಟವಾಗಿಯೇ ಹೇಳಿರುತ್ತಾರೆ. ಅಮೆರಿಕದ ಗ್ರಾಹಕರು ‘ಯಾಕೆ ಆಗಲ್ಲ?’ ಅಂತ ರೇಗುತ್ತಾರೆ.

ಇಲ್ಲಿ ವ್ಯಾಕರಣ ಸರಿಯಾಗಿಯೇ ಇದೆ. ಎಡವಟ್ಟಾಗಿರುವುದು ಒತ್ತಿನಲ್ಲಿ. ಅಮೆರಿಕದವರು ‘ಕ್ಯಾಂಟ್’ ಅನ್ನುವಾಗ ಕೊನೆಯ ‘ಟ್’ ಎಷ್ಟೋ ಸಲ ಹೊರಗೆ ಬರುವುದೇ ಇಲ್ಲ, ಉಸಿರು ಗಂಟಲಲ್ಲೇ ತಡೆದು ನಿಲ್ಲುತ್ತದೆ. ಹಾಗಾಗಿ ಅವರ ಕಿವಿ ‘ಟ್’ಗಾಗಿ ಕಾಯುತ್ತಾ ಕೂರುವುದಿಲ್ಲ. ‘ಆಗುತ್ತೆ’ ಅನ್ನಬೇಕಾದಾಗ ಅವರ ‘ಕ್ಯಾನ್’ ಕುಗ್ಗಿ ‘ಕನ್’ ಆಗುತ್ತದೆ, ಒತ್ತು ಮುಂದಿನ ಕ್ರಿಯಾಪದಕ್ಕೆ ಹೋಗುತ್ತದೆ: ‘ಐ ಕನ್ ಡೂ ಇಟ್’. ‘ಆಗಲ್ಲ’ ಅನ್ನುವಾಗ ‘ಕ್ಯಾ’ ಪೂರ್ತಿ ಬಾಯಿ ತೆರೆದು, ಒತ್ತಿನ ಸಮೇತ ಬರುತ್ತದೆ. ನಾವೋ ಎಲ್ಲ ಪದಕ್ಕೂ ಸಮನಾಗಿ ತೂಕ ಕೊಡುವವರು. ನಮ್ಮ ತುಂಬು ‘ಕ್ಯಾನ್’ ಅವರಿಗೆ ‘ಕ್ಯಾಂಟ್’ ಆಗಿ ಕೇಳಿಸುತ್ತದೆ. ಹಾಗಂತ ಎಲ್ಲ ಕಡೆ ಕುಗ್ಗಿಸಬಾರದು. ‘ಯೆಸ್, ಐ ಕ್ಯಾನ್’ ಅಂತ ವಾಕ್ಯದ ಕೊನೆಯಲ್ಲಿ ಬಂದರೆ ಅವರೂ ತುಂಬಿಯೇ ಹೇಳುತ್ತಾರೆ. ಲಂಡನ್ ಕಡೆಯ ಇಂಗ್ಲಿಷ್‌ನಲ್ಲಿ ಈ ಕಷ್ಟ ಕಡಿಮೆ, ಅಲ್ಲಿ ‘ಕಾಂಟ್’ ಅನ್ನುವಾಗ ಸ್ವರವೇ ಬೇರೆ.

ನಮಗೆ ಇದು ಹೊಸದು ಅನ್ನಿಸುವುದು ಸಹಜ. ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಎಲ್ಲ ವಾಕ್ಯದ ಕೊನೆಯಲ್ಲಿ ಗಟ್ಟಿಯಾಗಿ ಕೂತಿರುತ್ತವೆ. ಆದರೆ ‘ಎಲ್ಲರೂ ಬಂದಿಲ್ಲ’ ಅಂತ ಎರಡು ರೀತಿ ಹೇಳಿ ನೋಡಿ. ‘ಎಲ್ಲರೂ’ ಮೇಲೆ ದನಿ ಏರಿಸಿದರೆ ಒಂದಿಷ್ಟು ಜನ ಬಂದಿದ್ದಾರೆ ಅಂತ. ಏರಿಳಿತ ಇಲ್ಲದೆ ಹೇಳಿದರೆ ಒಬ್ಬರೂ ಬಂದಿಲ್ಲ ಅಂತಲೂ ಆಗಬಹುದು. ಇನ್ನೊಂದು ನೋಡಿ. ‘ಸಾಲ ವಾಪಸ್ ಕೊಡ್ತಾನಾ?’ ಅಂದರೆ ‘ಕೊಟ್ಟ ಬಿಡು!’ ಅಂತೀವಿ. ಅದರಲ್ಲಿ ‘ಇಲ್ಲ’ ಅನ್ನುವ ಪದವೇ ಇಲ್ಲ, ರಾಗವೇ ಕೊಡಲ್ಲ ಅನ್ನುತ್ತದೆ. ತರಗತಿಯಲ್ಲಿ ನಾನು ಮೊದಲು ಇದನ್ನೇ ಹೇಳಿಸುತ್ತೇನೆ. ಆಮೇಲೆ ‘ಕನ್ ಡೂ, ಕನ್ ಸೆಂಡ್, ಕನ್ ಚೆಕ್’ ಅಂತ ಕೈತಟ್ಟಿಸುತ್ತೇನೆ, ತಟ್ಟು ಬೀಳುವುದು ಕ್ರಿಯಾಪದದ ಮೇಲೆ ಮಾತ್ರ.

ಫೋನಿನಲ್ಲಿ ದುಡ್ಡಿನ ವಿಷಯವೋ ಔಷಧದ ವಿಷಯವೋ ಬಂದಾಗ ಮಾತ್ರ ‘ಕ್ಯಾಂಟ್’ ನಂಬಿ ಕೂರಬೇಡಿ. ‘ಕ್ಯಾನಾಟ್’ ಅಂತ ಬಿಡಿಸಿಯೇ ಹೇಳಿ.