ಹಾಲು ಕುಡಿಯದ ಮಗುವಿಗೆ ಚೀಸ್ ಬಾಲ್ಸ್ ಕೊಟ್ಟರೆ ಸಾಕೇ?

ಪ್ರಶ್ನೆ: ಮಗಳಿಗೆ 5 ವರ್ಷ. ಹಾಲಿನ ಲೋಟ ಕಂಡರೆ ಓಡಿಹೋಗುತ್ತಾಳೆ, ಚೀಸ್ ಬಾಲ್ಸ್ ಪ್ಯಾಕೆಟ್ ಕಂಡರೆ ಓಡಿಬರುತ್ತಾಳೆ. ಚೀಸ್ ಆಗೋದೂ ಹಾಲಿನಿಂದಲೇ ಅಲ್ವಾ? ಹಾಲಿನ ಬದಲು ಅದನ್ನೇ ಕೊಡಬಹುದೇ?

ಉತ್ತರ: ಚೀಸ್ ಹಾಲಿನದು, ನಿಜ. ಚೀಸ್ ಬಾಲ್ಸ್ ಮಾತ್ರ ಮೆಕ್ಕೆಜೋಳದ್ದು! ಪ್ಯಾಕೆಟ್ ತಿರುಗಿಸಿ ನೋಡಿ. ಯಾವ ಪದಾರ್ಥ ಜಾಸ್ತಿ ಇದೆಯೋ ಅದರ ಹೆಸರನ್ನು ಮೊದಲು ಹಾಕಬೇಕು ಅನ್ನೋದು ಆಹಾರ ಸುರಕ್ಷತೆ ನೋಡಿಕೊಳ್ಳೋ ನಮ್ಮ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ನಿಯಮ. ಇಂಥ ತಿಂಡಿಗಳಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳ ಮೊದಲು, ಆಮೇಲೆ ಎಣ್ಣೆ, ಹೆಚ್ಚಾಗಿ ತಾಳೆ ಎಣ್ಣೆ. ಚೀಸ್ ಪುಡಿ ಎಲ್ಲೋ ಹಿಂದೆ, ಮಸಾಲೆಯ ಜೊತೆ ಇರುತ್ತದೆ.

ಇದನ್ನು ಮಾಡೋ ರೀತಿ ನೋಡಿದರೆ ಕಾರಣ ಗೊತ್ತಾಗುತ್ತದೆ. ಮೆಕ್ಕೆಜೋಳದ ರವೆಯನ್ನು ಯಂತ್ರದಲ್ಲಿ ಬಿಸಿಯಾಗಿ ಒತ್ತಿ, ಸಣ್ಣ ತೂತಿನಿಂದ ಹೊರಕ್ಕೆ ತಳ್ಳುತ್ತಾರೆ. ಒಳಗಿನ ತೇವ ತಟ್ಟನೆ ಆವಿಯಾಗಿ ಅದು ಪುರಿಯಂತೆ ಅರಳುತ್ತದೆ. ಮೇಲೆ ಎಣ್ಣೆ ಸವರಿ ಪುಡಿ ಹತ್ತಿಸುತ್ತಾರೆ. ಬೆರಳಿಗೆ ಅಂಟುತ್ತದಲ್ಲ, ಆ ಹಳದಿ ಪುಡಿ! ಇರೋ ಅಷ್ಟಿಷ್ಟು ಚೀಸ್ ಅದರಲ್ಲೇ, ಅದೂ ಉಪ್ಪಿನ ಜೊತೆ. 100 ಗ್ರಾಂ ತಿಂಡಿಯಲ್ಲಿ 500 ಕ್ಯಾಲೊರಿ ಆಸುಪಾಸು ಇರುತ್ತದೆ. ಊಟದ ಹೊತ್ತಿಗೆ ಹಸಿವಿಲ್ಲ ಅಂದರೆ ಮಗುವಿನ ತಪ್ಪೇನಿಲ್ಲ.

ಚೀಸ್ ಸ್ಲೈಸ್ ಬೇರೆ ಮಾತು. 20 ಗ್ರಾಂನ ಒಂದು ಸ್ಲೈಸ್‌ನಲ್ಲಿ ಸುಮಾರು 4 ಗ್ರಾಂ ಪ್ರೋಟೀನ್ ಇದೆ, ಕ್ಯಾಲ್ಸಿಯಂ ಕೂಡ ಇದೆ. ತೊಂದರೆ ಉಪ್ಪಿನದು. ಚೀಸ್ ನುಣ್ಣಗೆ ಕರಗಲಿ ಅಂತ ಹಾಕುವ ಲವಣಗಳಲ್ಲೂ ಸಾಮಾನ್ಯವಾಗಿ ಉಪ್ಪಿನಲ್ಲಿರೋ ಸೋಡಿಯಂ ಅಂಶವೇ ಇರುತ್ತದೆ. ದೊಡ್ಡವರಿಗೇ ದಿನಕ್ಕೆ 2000 ಮಿಲಿಗ್ರಾಂ ಸೋಡಿಯಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಕ್ಕಳಿಗೆ ಇನ್ನೂ ಕಡಿಮೆ. ಬ್ರೆಡ್, ಕೆಚಪ್‌ನಲ್ಲೂ ಉಪ್ಪಿದೆ ಅಲ್ವಾ? ಹಾಗಾಗಿ ಒಂದು ಸ್ಲೈಸ್ ಸಾಕು, ಅದೂ ದಿನಾ ಬೇಡ.

ನಿಮ್ಮ ಮಗಳ ವಯಸ್ಸಿಗೆ ದಿನಕ್ಕೆ 550 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅನ್ನೋದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕ. 200 ಮಿಲಿಲೀಟರ್ ಹಾಲಲ್ಲಿ ಸುಮಾರು 240 ಸಿಗುತ್ತದೆ. ಅವಳಿಗೆ ಬೇಡವಾಗಿರೋದು ಲೋಟದ ಹಾಲು ತಾನೇ? ಮೊಸರನ್ನ ತಿನ್ನುತ್ತಾಳಾ ನೋಡಿ. ಪನೀರ್ ಪರೋಟ ಮಾಡಿಕೊಡಿ. ರಾಗಿ ದೋಸೆಗೆ ತುಪ್ಪ ಹಚ್ಚಿ ಕೊಡಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಚೀಸ್ ಬಾಲ್ಸ್ ಬರ್ತ್‌ಡೇ ಪಾರ್ಟಿಗೆ ಇರಲಿ, ಅಲ್ಲಿ ಒಂದು ಹಿಡಿ ತಿಂದರೆ ಸುಮ್ನೆ ಗದರಬೇಡಿ.

ಇನ್ನೊಂದು ವಿಷಯ. ಹಾಲು ಕುಡಿದಾಗೆಲ್ಲ ಹೊಟ್ಟೆನೋವು, ಭೇದಿ ಆಗುತ್ತಿದ್ದರೆ ಅದು ಬರೀ ಹಟ ಇರಲಿಕ್ಕಿಲ್ಲ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರಿಸಿ.